ದಿನಾ ಎಂಟು ಕಿಲೋಮೀಟರ್ ಓಡಿದ ಹುಡುಗ ಹನ್ನೊಂದು ಸೆಕೆಂಡಿಗೆ ಯಾಕೆ ಸೋತ?

ಬೆಳಗಿನ ಐದು ಗಂಟೆಗೆ ನಮ್ಮ ಕಡೆಯ ಯಾವ ಡಾಂಬರು ರಸ್ತೆಗೆ ಬೇಕಾದರೂ ಬಂದು ನೋಡಿ. ಕತ್ತಲಲ್ಲಿ ಮೂರು ಜನ, ನಾಲ್ಕು ಜನ ಹುಡುಗರು ಓಡುತ್ತಿರುತ್ತಾರೆ. ಒಬ್ಬನ ಕೈಯಲ್ಲಿ ಮೊಬೈಲ್ ಟಾರ್ಚ್. ಮೈಗೆ ಹತ್ತಿಯೇ ಹೋಗುವ ಮರಳಿನ ಟಿಪ್ಪರ್, ಕಬ್ಬಿನ ಟ್ರ್ಯಾಕ್ಟರ್. ಕೆಲವರ ಕಾಲಲ್ಲಿ ಸಂತೆಯಲ್ಲಿ ತಂದ ಶೂ, ಕೆಲವರದು ಬರಿಗಾಲು. ಮಾತಾಡಿಸಿದರೆ ಒಂದೇ ಉತ್ತರ: "ಪೊಲೀಸ್‌ಗೆ ತಯಾರಿ ಸರ್", ಇಲ್ಲವಾದರೆ "ಅಗ್ನಿವೀರ್ ಸರ್."

ನಮ್ಮ ದೊಡ್ಡಪ್ಪನ ಮೊಮ್ಮಗನೂ ಹಾಗೇ ಓಡಿದವನು. ನನಗೆ ಕಾಕಾ ಅಂತಾನೆ. ಒಂದೂವರೆ ವರ್ಷ ದಿನಾ ಎಂಟು ಕಿಲೋಮೀಟರ್. ಜಾತ್ರೆ ಇರಲಿ, ಜ್ವರ ಬರಲಿ, ಬಿಟ್ಟವನಲ್ಲ. ಕಾನ್‌ಸ್ಟೇಬಲ್ ಲಿಖಿತ ಪರೀಕ್ಷೆ ಪಾಸಾದ. ಮೈದಾನದ ಪರೀಕ್ಷೆಯ ದಿನ 1600 ಮೀಟರ್ ಮುಗಿಸಲು ಅವನಿಗೆ ಹಿಡಿದದ್ದು 6 ನಿಮಿಷ 41 ಸೆಕೆಂಡ್. ಬೇಕಾಗಿದ್ದದ್ದು 6 ನಿಮಿಷ 30. ಹನ್ನೊಂದು ಸೆಕೆಂಡ್, ಅಷ್ಟೇ. ಬಸ್‌ಸ್ಟ್ಯಾಂಡಿನಲ್ಲಿ ಕೂತು ಅವನು ನನ್ನನ್ನು ಕೇಳಿದ್ದು ಇದು: "ದಿನಾ ಎಂಟು ಕಿಲೋಮೀಟರ್ ಓಡೇನಿ ಕಾಕಾ. ಇನ್ನೇನ್ ಮಾಡಬೇಕಿತ್ತು ನಾ?"

ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಅದನ್ನೇ ಬರೆಯುತ್ತಿದ್ದೇನೆ. ಸ್ವಲ್ಪ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಲೆಕ್ಕ ಮಾಡಿ ನೋಡಿ

ಮೊಬೈಲಲ್ಲಿ ಕ್ಯಾಲ್ಕುಲೇಟರ್ ತೆಗೆಯಿರಿ. 1600 ಮೀಟರ್ ಅಂದರೆ 400 ಮೀಟರಿನ ನಾಲ್ಕು ಸುತ್ತು. 6 ನಿಮಿಷ 30 ಸೆಕೆಂಡ್ ಅಂದರೆ 390 ಸೆಕೆಂಡ್. ನಾಲ್ಕರಿಂದ ಭಾಗಿಸಿದರೆ ಸುತ್ತಿಗೆ 97 ಸೆಕೆಂಡ್, ಮೇಲೆ ಅರ್ಧ.

ನಮ್ಮ ಹುಡುಗ ಎಂಟು ಕಿಲೋಮೀಟರನ್ನು 55 ನಿಮಿಷಕ್ಕೆ ಮುಗಿಸುತ್ತಿದ್ದ. ಅದು 20 ಸುತ್ತು, 3300 ಸೆಕೆಂಡ್. ಒಂದು ಸುತ್ತಿಗೆ 165 ಸೆಕೆಂಡ್.

ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿ. ಪರೀಕ್ಷೆ ಕೇಳುವುದು 97. ಅವನು ಒಂದೂವರೆ ವರ್ಷ ಕಲಿತದ್ದು 165. ಪರೀಕ್ಷೆಯ ವೇಗದಲ್ಲಿ ಅವನು ಅಭ್ಯಾಸದಲ್ಲಿ ಒಂದು ದಿನ, ಒಂದೇ ಒಂದು ಸುತ್ತು ಕೂಡ ಓಡಿರಲಿಲ್ಲ. ಹುಡುಗ ಸೋಮಾರಿ ಅಲ್ಲ. ಕನ್ನಡ ಪರೀಕ್ಷೆಗೆ ಕೂರುವವನಿಗೆ ಒಂದೂವರೆ ವರ್ಷ ಗಣಿತ ಓದಿಸಿದ ಹಾಗೆ ಆಗಿದೆ.

ಸೇನೆಯ ಲೆಕ್ಕ ಇನ್ನೂ ಬಿಗಿ. ಅಗ್ನಿವೀರ್ ರ‍್ಯಾಲಿಯಲ್ಲಿ 1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವರಿಗೆ ಮಾತ್ರ ಪೂರ್ತಿ 60 ಅಂಕ. ಹಿಂದೆ ಬಿದ್ದಂತೆಲ್ಲ ಅಂಕ ಇಳಿಯುತ್ತದೆ. 5:30 ಅಂದರೆ ಸುತ್ತಿಗೆ 82 ಸೆಕೆಂಡ್ ಚಿಲ್ಲರೆ. ದಿನಾ 165ರಲ್ಲಿ ಓಡುವ ಕಾಲು ರ‍್ಯಾಲಿಯ ಬೆಳಿಗ್ಗೆ ಏಕಾಏಕಿ 82ರಲ್ಲಿ ಓಡಬೇಕು ಅಂದರೆ ಎಲ್ಲಿಂದ ಓಡಬೇಕು?

ಇಂಟರ್ವಲ್ ಅಂದರೆ ಏನು

ಇಂಟರ್ವಲ್ ಅಂದ ಕೂಡಲೇ ನಮಗೆ ಸಿನಿಮಾ ನೆನಪಾಗುತ್ತದೆ. ಇಲ್ಲೂ ಅದೇ ಅರ್ಥ: ನಡುವೆ ಬಿಡುವು. ಜೋರಾಗಿ ಸ್ವಲ್ಪ ದೂರ ಓಡುವುದು, ನಡೆದಾಡಿ ಉಸಿರು ತಗೊಳ್ಳುವುದು, ಮತ್ತೆ ಅದೇ ಜೋರಿನಲ್ಲಿ ಓಡುವುದು. ಹೀಗೆ ಆರು ಸಲ, ಎಂಟು ಸಲ.

ಇದರ ಗುಟ್ಟು ಸರಳ. 97 ಸೆಕೆಂಡ್ ವೇಗದಲ್ಲಿ ನಾಲ್ಕು ಸುತ್ತು ಒಂದೇ ಸಮನೆ ಓಡಲು ನಿಮಗೆ ಇವತ್ತು ಆಗಲ್ಲ. ಆದರೆ ಒಂದು ಸುತ್ತು ಆಗುತ್ತದೆ. ಎರಡು ನಿಮಿಷ ನಡೆದರೆ ಇನ್ನೊಂದು ಆಗುತ್ತದೆ. ಹೀಗೆ ಬಿಟ್ಟು ಬಿಟ್ಟು ಆರು ಸುತ್ತು ಓಡಿದರೆ ಪರೀಕ್ಷೆಯ ವೇಗದಲ್ಲಿ 2400 ಮೀಟರ್ ಓಡಿದಂತೆ ಆಯಿತು. ಪರೀಕ್ಷೆಗೆ ಬೇಕಾದ್ದಕ್ಕಿಂತ ಒಂದೂವರೆ ಪಟ್ಟು. ಒಂದೇ ದಮ್ಮಿನಲ್ಲಿ ಎತ್ತಲಾಗದ ಹೊರೆಯನ್ನು ನಾಲ್ಕು ಸಲ ಮಾಡಿ ಸಾಗಿಸುವ ಹಾಗೆ.

ಆರು ನಿಮಿಷ ಬಿರುಸಾಗಿ ಓಡುವಾಗ ಹೃದಯ ತನ್ನ ಕೈಲಾದಷ್ಟೂ ರಕ್ತ ತಳ್ಳಬೇಕು, ಕಾಲಿನ ಸ್ನಾಯು ಆ ರಕ್ತದಿಂದ ಆದಷ್ಟೂ ಆಮ್ಲಜನಕ ಎಳೆದುಕೊಳ್ಳಬೇಕು. ಅದೂ ಸಾಲದಾಗ ದೇಹ ಆಮ್ಲಜನಕವಿಲ್ಲದೆ ಶಕ್ತಿ ತೆಗೆಯುವ ಇನ್ನೊಂದು ದಾರಿ ಹಿಡಿಯುತ್ತದೆ. ಮೂರನೇ ಸುತ್ತಿನಲ್ಲಿ ಕಾಲಿಗೆ ಕಲ್ಲು ಕಟ್ಟಿದ ಹಾಗೆ ಆಗುತ್ತದಲ್ಲ, ಅದು ಆ ಹೊತ್ತು. ಮಾತಾಡಿಕೊಂಡು ಎಂಟು ಕಿಲೋಮೀಟರ್ ಓಡುವವನಿಗೆ ಆ ಹೊತ್ತು ಯಾವತ್ತೂ ಬರುವುದಿಲ್ಲ. ಬಾರದ್ದನ್ನು ದೇಹ ತಾಳಿಕೊಳ್ಳಲು ಕಲಿಯುವುದು ಹೇಗೆ?

ಇದು ನಿನ್ನೆ ಮೊನ್ನೆಯ ರೀಲ್ಸ್ ವಿದ್ಯೆ ಅಲ್ಲ

1600 ಮೀಟರೇ ಯಾಕೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಒಂದು ಮೈಲಿ ಅಂದರೆ 1609 ಮೀಟರ್. ನಮ್ಮ ಹುಡುಗರು ಓಡುತ್ತಿರುವುದು ಹೆಚ್ಚುಕಮ್ಮಿ ಒಂದು ಮೈಲಿ. ಆ ಮೈಲಿಯನ್ನು ಹೇಗೆ ಗೆಲ್ಲಬೇಕು ಅನ್ನೋದು ಎಪ್ಪತ್ತು ವರ್ಷದ ಹಿಂದೆಯೇ ಜಗತ್ತಿಗೆ ಗೊತ್ತಾಗಿದೆ.

ಇಂಗ್ಲೆಂಡಿನಲ್ಲಿ ರೋಜರ್ ಬ್ಯಾನಿಸ್ಟರ್ ಅಂತ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಇದ್ದ. ಒಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಅಲ್ಲಿವರೆಗೆ ಯಾರೂ ಓಡಿರಲಿಲ್ಲ. ಆಸ್ಪತ್ರೆಯ ಓದಿನ ನಡುವೆ ಅವನಿಗೆ ಸಿಗುತ್ತಿದ್ದದ್ದು ಮಧ್ಯಾಹ್ನದ ಬಿಡುವು ಮಾತ್ರ. ಆ ಬಿಡುವಿನಲ್ಲಿ ಅವನು ಮಾಡುತ್ತಿದ್ದ ಮುಖ್ಯ ಅಭ್ಯಾಸ ಇದು: ಕಾಲು ಮೈಲಿಯ ಹತ್ತು ಓಟ, ಪ್ರತಿಯೊಂದರ ನಡುವೆ ಎರಡು ನಿಮಿಷ ಬಿಡುವು. ತಿಂಗಳುಗಟ್ಟಲೆ ಅದೇ. ಪ್ರತಿ ಸುತ್ತಿನ ಸಮಯವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬಂದ. 61 ಸೆಕೆಂಡಿಗೆ ಬಂದು ಸಿಕ್ಕಿಹಾಕಿಕೊಂಡಾಗ ಓಟ ಬಿಟ್ಟು ಕೆಲವು ದಿನ ಗುಡ್ಡ ಹತ್ತಲು ಹೋದ. ವಾಪಸ್ ಬಂದವನು 59ರಲ್ಲಿ ಓಡಿದ. 1954ರ ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ 3 ನಿಮಿಷ 59.4 ಸೆಕೆಂಡಿಗೆ ಮೈಲಿ ಮುಗಿಸಿದ.

ಅವನಿಗಿಂತ ಮುಂಚೆಯೇ ಎಮಿಲ್ ಜಾಟೊಪೆಕ್ ಇದ್ದ. ಚೆಕೊಸ್ಲೊವಾಕಿಯಾದವನು. ನಮ್ಮೂರ ಸಂತೆಪೇಟೆಗಳಿಗೂ ಗೊತ್ತಿರುವ ಬಾಟಾ ಕಂಪನಿಯ ಚಪ್ಪಲಿ ಕಾರ್ಖಾನೆಯಲ್ಲಿ ಹುಡುಗನಾಗಿದ್ದಾಗ ಕೆಲಸ ಮಾಡಿದವನು. ದೂರದ ಓಟಗಾರನಾದರೂ 200 ಮೀಟರ್, 400 ಮೀಟರ್‌ಗಳನ್ನು ಬಿಟ್ಟು ಬಿಟ್ಟು ಹತ್ತಾರು ಸಲ ಓಡುತ್ತಿದ್ದ. ನಿಧಾನ ಓಡೋದು ನನಗೆ ಗೊತ್ತೇ ಇದೆ, ವೇಗ ಕಲಿಯಬೇಕು ಅನ್ನುವ ಅರ್ಥದ ಮಾತು ಅವನ ಹೆಸರಿನಲ್ಲಿ ಇವತ್ತಿಗೂ ಓಡಾಡುತ್ತದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5000 ಮೀಟರ್, 10,000 ಮೀಟರ್, ಮ್ಯಾರಥಾನ್ ಮೂರರಲ್ಲೂ ಚಿನ್ನ ಗೆದ್ದ.

ಪ್ರಯೋಗಶಾಲೆಯ ಪುರಾವೆಯೂ ಇದೆ. 1996ರಲ್ಲಿ ಜಪಾನಿನ ಇಜುಮಿ ತಬಾಟ ಮತ್ತು ಜೊತೆಗಾರರು ಎರಡು ಗುಂಪುಗಳಿಗೆ ಆರು ವಾರ ತರಬೇತಿ ಕೊಟ್ಟು ಅಳೆದರು. ಒಂದು ಗುಂಪು ವಾರಕ್ಕೆ ಐದು ದಿನ, ದಿನಕ್ಕೆ ಒಂದು ಗಂಟೆ, ಮಧ್ಯಮ ವೇಗದಲ್ಲಿ ಒಂದೇ ಸಮನೆ ವ್ಯಾಯಾಮದ ಸೈಕಲ್ ತುಳಿಯಿತು. ಇನ್ನೊಂದು 20 ಸೆಕೆಂಡ್ ಪ್ರಾಣ ಹೋಗುವ ಹಾಗೆ ತುಳಿದು 10 ಸೆಕೆಂಡ್ ಬಿಡುವು, ಹೀಗೆ ಏಳೆಂಟು ಸಲ. ಆಮ್ಲಜನಕ ಬಳಸುವ ಶಕ್ತಿ ಎರಡೂ ಗುಂಪಿನಲ್ಲಿ ಹೆಚ್ಚಿತು. ಆದರೆ ಆಮ್ಲಜನಕ ಸಾಲದಾಗ ತಾಳಿಕೊಳ್ಳುವ ಶಕ್ತಿ ಇಂಟರ್ವಲ್ ಗುಂಪಿನಲ್ಲಿ ಮಾತ್ರ ಹೆಚ್ಚಿತು, ಅದೂ ಶೇಕಡ 28ರಷ್ಟು. ಗಂಟೆಗಟ್ಟಲೆ ತುಳಿದವರಿಗೆ ಅದು ಸಿಗಲಿಲ್ಲ. ಮೂರನೇ ಸುತ್ತಿನಲ್ಲಿ ನಮ್ಮ ಹುಡುಗರ ಕಾಲಿಗೆ ಬೇಕಾದದ್ದು ಅದೇ ಶಕ್ತಿ.

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಹಳ್ಳಿಯ ಹುಡುಗರಿಗೆ ಸಿಗುವ ಸಲಹೆ ಇವತ್ತಿಗೂ ಒಂದೇ: "ಇನ್ನೂ ದೂರ ಓಡು."

"ನಿಂತು ನಿಂತು ಓಡೋದು ಸೋಮಾರಿಗಳ ಕೆಲಸ"

ಈ ಮಾತನ್ನು ಊರಲ್ಲಿ ನಾನು ಬಹಳ ಸಲ ಕೇಳಿದ್ದೇನೆ. ಅನ್ನುವವರಿಗೆ ಒಂದು ಪ್ರಶ್ನೆ. ನೀವು ಕಬಡ್ಡಿ ಆಡಿಲ್ಲವೇ? ಒಂದು ರೈಡ್‌ಗೆ 30 ಸೆಕೆಂಡ್. ಹೋಗಿ ಮುಟ್ಟಿ, ಎಳೆದಾಡಿ, ವಾಪಸ್ ಬಂದು ನಿಂತು ಉಸಿರು ಬಿಡುತ್ತೀರಿ. ಮತ್ತೆ ಹೋಗುತ್ತೀರಿ. ಖೋ ಖೋದಲ್ಲೂ ಅಷ್ಟೇ, ಎದ್ದು ಅಟ್ಟಿಸಿಕೊಂಡು ಹೋಗಿ ಖೋ ಕೊಟ್ಟು ಕೂರುತ್ತೀರಿ. ಗರಡಿ ಮನೆಯಲ್ಲಿ ಪೈಲ್ವಾನರು ಒಂದು ಪಟ್ಟು ಹಿಡಿದು, ಬಿಟ್ಟು, ಮಣ್ಣು ಸವರಿಕೊಂಡು ಮತ್ತೆ ಹಿಡಿಯುತ್ತಾರೆ. ಎಪಿಎಂಸಿಯಲ್ಲಿ ಹಮಾಲರು ಚೀಲ ಹೊತ್ತು ಓಡಿ ಹೋಗಿ, ಬರಿಗೈಯಲ್ಲಿ ನಡೆದು ಬರುತ್ತಾರೆ. ಇವರಲ್ಲಿ ಯಾರನ್ನು ಸೋಮಾರಿ ಅನ್ನುತ್ತೀರಿ? ಬಿಡುವು ಕೊಟ್ಟು ಬಿರುಸಾಗಿ ದುಡಿಯುವುದು ನಮ್ಮ ಆಟದಲ್ಲೂ ಇದೆ, ದುಡಿಮೆಯಲ್ಲೂ ಇದೆ. ಓಟಕ್ಕೆ ಬಂದಾಗ ಮಾತ್ರ ಅದನ್ನು ಮರೆತಿದ್ದೇವೆ.

ಎರಡನೇ ಮಾತು: "ನಮ್ಮ ಕಾಲದಾಗ ಹಿಂಗ ಓಡಿ ಪಾಸ್ ಆಗೀವಿ." ಹೌದು, ಆಗಿದ್ದೀರಿ. ಪಾಸಾದವರು ಊರಿಗೆ ಬಂದಾಗ ಶಾಲೆಗೆ ಕರೆದು ಶಾಲು ಹೊದಿಸುತ್ತೇವೆ, ಭಾಷಣ ಮಾಡಿಸುತ್ತೇವೆ. ನಿಮ್ಮ ಜೊತೆಯೇ ಅದೇ ರಸ್ತೆಯಲ್ಲಿ ಅಷ್ಟೇ ದೂರ ಓಡಿ ಫೇಲಾದವರು ಈಗ ಗ್ಯಾರೇಜಿನಲ್ಲೋ ಬೆಂಗಳೂರಿನ ಸೆಕ್ಯೂರಿಟಿ ಕೆಲಸದಲ್ಲೋ ಇದ್ದಾರೆ. ಅವರನ್ನು ಯಾರೂ ಭಾಷಣಕ್ಕೆ ಕರೆಯಲ್ಲ. ಅವರನ್ನು ಕೇಳಿದ್ದರೆ ಲೆಕ್ಕ ಬೇರೆ ಇರುತ್ತಿತ್ತು.

ಮೂರನೇ ಮಾತು ಅಕಾಡೆಮಿಗಳದ್ದು. ತಾಲ್ಲೂಕಿಗೆ ನಾಲ್ಕರಂತೆ ಎದ್ದಿರುವ ತರಬೇತಿ ಅಕಾಡೆಮಿಗಳಲ್ಲಿ ಒಳ್ಳೆಯವೂ ಇವೆ, ಇಲ್ಲ ಅನ್ನಲ್ಲ. ಆದರೆ ನಾನು ನೋಡಿದ ಒಂದರಲ್ಲಿ ಅರವತ್ತು ಹುಡುಗರನ್ನು ಒಟ್ಟಿಗೆ ರಸ್ತೆಗೆ ಬಿಟ್ಟು, ತರಬೇತುದಾರ ಬೈಕಿನಲ್ಲಿ ಹಿಂದೆ ಹಾರ್ನ್ ಹೊಡೆಯುತ್ತ ಬರುತ್ತಿದ್ದ. ಕೈಯಲ್ಲಿ ಸ್ಟಾಪ್‌ವಾಚ್ ಇರಲಿಲ್ಲ. ಯಾವ ಹುಡುಗನ ಸುತ್ತಿನ ಸಮಯವೂ ಬರೆದಿಟ್ಟಿರಲಿಲ್ಲ. ಅದಕ್ಕೆ ಅಪ್ಪಂದಿರು ಆಕಳು ಮಾರಿ ಫೀ ಕಟ್ಟಿದ್ದರು. ದೂರ ಓಡಿಸುವುದು ಸುಲಭ, ರಸ್ತೆ ಇದ್ದರೆ ಸಾಕು. ಇಂಟರ್ವಲ್ ಓಡಿಸಬೇಕಾದರೆ ಒಬ್ಬೊಬ್ಬನ ಸಮಯ ನೋಡಬೇಕು, ಬರೆಯಬೇಕು, ತಲೆ ಓಡಿಸಬೇಕು. ಫೀ ತಗೊಂಡವರು ಅಷ್ಟಾದರೂ ಮಾಡಬೇಡವೇ?

ಹೆಣ್ಣುಮಕ್ಕಳ ಓಟದ ಮಾತು

ಕಾನ್‌ಸ್ಟೇಬಲ್ ಪರೀಕ್ಷೆಯಲ್ಲಿ ಮಹಿಳೆಯರಿಗೆ ಇರುವುದು 400 ಮೀಟರ್, 2 ನಿಮಿಷದೊಳಗೆ. ಅಂದರೆ 100 ಮೀಟರಿಗೆ 30 ಸೆಕೆಂಡ್. ತಯಾರಿ ಇದ್ದರೆ ದೊಡ್ಡ ಮಾತಲ್ಲ. ಆದರೆ ತಯಾರಿ ಎಲ್ಲಿ ಮಾಡಬೇಕು?

ಕತ್ತಲಲ್ಲಿ ಹೆದ್ದಾರಿಯಲ್ಲಿ ಓಡು ಅಂತ ಮಗಳಿಗೆ ಹೇಳುವ ಧೈರ್ಯ ಯಾವ ಅವ್ವನಿಗೆ ಇದೆ? ಹೊರಟರೂ ಎರಡನೇ ದಿನಕ್ಕೆ ಬೈಕಿನ ಹುಡುಗರು ಹಿಂದೆ ಬರುತ್ತಾರೆ, ಮೂರನೇ ದಿನಕ್ಕೆ ಮನೆಯಲ್ಲಿ "ಸಾಕು ಬಿಡು" ಅನ್ನುತ್ತಾರೆ. ಓಟ ಅಂದರೆ ದೂರ ಹೋಗುವುದು ಅಂತ ನಾವು ತೀರ್ಮಾನಿಸಿದ ಕ್ಷಣವೇ ಎಷ್ಟೋ ಹೆಣ್ಣುಮಕ್ಕಳನ್ನು ಓಟದಿಂದ ಹೊರಗೆ ಹಾಕಿದ್ದೇವೆ.

ಇಂಟರ್ವಲ್‌ಗೆ ದೂರ ಬೇಕಿಲ್ಲ. ನೂರು ಮೀಟರ್ ಸಮತಟ್ಟು ಜಾಗ ಸಾಕು. ಸಂಜೆ ಶಾಲೆ ಬಿಟ್ಟ ಮೇಲೆ ಶಾಲೆಯ ಮೈದಾನ, ಸುಗ್ಗಿ ಮುಗಿದ ಕಣ, ಬೇಸಿಗೆಯಲ್ಲಿ ಒಣಗಿದ ಕೆರೆ ಅಂಗಳ. ನೂರು ಮೀಟರನ್ನು 27 ಸೆಕೆಂಡಿನಲ್ಲಿ ಓಡಿ, ನಡೆದು ವಾಪಸ್ ಬಂದು, ಮತ್ತೆ ಓಡುವುದು. ಎಂಟು ಸಲ. ಒಟ್ಟು ಅರ್ಧ ಗಂಟೆಯ ಕೆಲಸ. ನಾಲ್ಕು ಜನ ಗೆಳತಿಯರು ಸೇರಿದರೆ ಒಬ್ಬಳು ಸಮಯ ನೋಡಬಹುದು. ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ಆಗುವ ತಯಾರಿ ಇದು.

ಹಾಗಾದರೆ ದೂರದ ಓಟ ದಂಡವೇ?

ಅಲ್ಲ. ಇಲ್ಲಿ ನಾನು ನೇರವಾಗಿರಬೇಕು. ನಿಧಾನವಾಗಿ ಅರ್ಧ ಗಂಟೆ ಓಡುವುದು ಅಡಿಪಾಯ. ಮೂಳೆ, ಸ್ನಾಯು, ಹೃದಯ ಓಟಕ್ಕೆ ಒಗ್ಗುವುದು ಅದರಿಂದಲೇ. ಅಡಿಪಾಯ ಇಲ್ಲದೆ ಮೊದಲ ದಿನವೇ ಜೋರಾಗಿ ಓಡಿದರೆ ಮೀನಖಂಡ, ಮೊಣಕಾಲು ಹಿಡಿದುಕೊಳ್ಳುತ್ತದೆ. ಕೇಂದ್ರ ಪಡೆಗಳ ಎಸ್‌ಎಸ್‌ಸಿ ಜಿಡಿ ಪರೀಕ್ಷೆಯಲ್ಲಿ ಪುರುಷರಿಗೆ 24 ನಿಮಿಷದಲ್ಲಿ 5 ಕಿ.ಮೀ. ಇದೆ. ಅದಕ್ಕೆ ದೂರದ ಓಟದ ಪಾಲು ಇನ್ನೂ ಹೆಚ್ಚಿರಬೇಕು. ನನ್ನ ತಕರಾರು ಅಡಿಪಾಯದ ಮೇಲಲ್ಲ. ಒಂದೂವರೆ ವರ್ಷ ಬರೀ ಅಡಿಪಾಯ ತೋಡಿ, ಗೋಡೆ ಎಬ್ಬಿಸದೆ ಗೃಹಪ್ರವೇಶಕ್ಕೆ ಹೋಗುತ್ತಿದ್ದೇವಲ್ಲ, ಅದರ ಮೇಲೆ.

ಹಾಗೆಯೇ ಇಂಟರ್ವಲ್ ಹೆಸರಲ್ಲಿ ರೀಲ್ಸ್‌ನಲ್ಲಿ ಮಾರುವ ಸುಳ್ಳನ್ನೂ ನಂಬಬೇಡಿ. "ನಾಲ್ಕು ನಿಮಿಷದಲ್ಲಿ ಹೊಟ್ಟೆ ಕರಗುತ್ತದೆ" ಅನ್ನುವುದು ಅಂಥದ್ದೊಂದು. ತೂಕ ಇಳಿಸುವ ವಿಷಯದಲ್ಲಿ ಇಂಟರ್ವಲ್‌ಗೂ ಒಂದೇ ಸಮನೆಯ ಓಟಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಅಲ್ಲಿ ತಟ್ಟೆಯ ಲೆಕ್ಕವೇ ದೊಡ್ಡದು. ಇಂಟರ್ವಲ್‌ನ ಲಾಭ ಇರುವುದು ವೇಗದಲ್ಲಿ, ದಮ್ಮಿನಲ್ಲಿ, ಉಳಿಯುವ ಸಮಯದಲ್ಲಿ.

ಅಪಾಯದ ಮಾತನ್ನೂ ಮುಚ್ಚಿಡಬಾರದು. 2024ರಲ್ಲಿ ಜಾರ್ಖಂಡ್‌ನಲ್ಲಿ ಅಬಕಾರಿ ಕಾನ್‌ಸ್ಟೇಬಲ್ ನೇಮಕಾತಿಗೆ ಪುರುಷರಿಗೆ ಒಂದು ಗಂಟೆಯಲ್ಲಿ 10 ಕಿ.ಮೀ. ಓಟ ಇಟ್ಟಿದ್ದರು. ಆ ನೇಮಕಾತಿಯ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸತ್ತರು. ಬಿಸಿಲು ಅಂದರು, ಮಾತ್ರೆ ತಗೊಂಡಿದ್ದರು ಅಂದರು, ವ್ಯವಸ್ಥೆ ಸರಿ ಇರಲಿಲ್ಲ ಅಂದರು. ಸರ್ಕಾರ ಕೆಲವು ದಿನ ಪರೀಕ್ಷೆ ನಿಲ್ಲಿಸಿತು. ಕಾರಣ ಯಾವುದೇ ಇರಲಿ, ಸತ್ತವರು ನಮ್ಮ ಹುಡುಗರಂಥವರೇ. ದೇಹದ ಮಿತಿಯನ್ನು ಪರೀಕ್ಷೆಯ ದಿನವೇ ಮೊದಲ ಸಲ ಮುಟ್ಟಬಾರದು. ಅದನ್ನು ಊರಲ್ಲಿ, ತಂಪು ಹೊತ್ತಿನಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಮುಟ್ಟಬೇಕು.

ಓಡುವಾಗ ಎದೆ ನೋವು ಬಂದಿದ್ದರೆ, ತಲೆ ತಿರುಗಿ ಬಿದ್ದಿದ್ದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯ ನಿಂತು ತೀರಿಕೊಂಡಿದ್ದರೆ, ಮೊದಲು ವೈದ್ಯರಿಗೆ ತೋರಿಸಿ. ಜ್ವರ ಇದ್ದ ದಿನ ಓಡಬೇಡಿ. ದಮ್ಮು ಬರುತ್ತದೆ ಅಂತ ಯಾರಾದರೂ ಮಾತ್ರೆ, ಇಂಜೆಕ್ಷನ್ ಕೊಟ್ಟರೆ ಅವರ ಸಹವಾಸ ಬಿಡಿ.

ಮಾಡುವುದು ಹೇಗೆ

ಕಾಸು ಖರ್ಚಿಲ್ಲ. ಮೊಬೈಲಿನ ಸ್ಟಾಪ್‌ವಾಚ್, ಒಂದು ನೋಟ್‌ಬುಕ್, ಊರ ಗೌಂಡಿಯ ಹತ್ತಿರ ಇರುವ ಅಳತೆ ಟೇಪು. ಶಾಲೆಯ ಮೈದಾನದಲ್ಲಿ 50 ಮೀಟರ್ ಉದ್ದ, 50 ಮೀಟರ್ ಅಗಲ ಅಳೆದು ನಾಲ್ಕು ಮೂಲೆಗೆ ಕಲ್ಲು ಇಡಿ. ಒಂದು ಸುತ್ತು 200 ಮೀಟರ್. ಮೂಲೆಯಲ್ಲಿ ತಿರುಗುವಾಗ ಸ್ವಲ್ಪ ಸಮಯ ಹೋಗುತ್ತದೆ, ಹೋಗಲಿ. ಅಲ್ಲಿ ಬಂದ ಸಮಯ ಒಳ್ಳೆಯ ಟ್ರ್ಯಾಕಿನಲ್ಲಿ ಇನ್ನೂ ಚೆನ್ನಾಗಿಯೇ ಬರುತ್ತದೆ.

ಗುರಿ 6 ನಿಮಿಷ 30 ಸೆಕೆಂಡ್ ಅಂತ ಇಟ್ಟುಕೊಂಡರೆ:

ಮೊದಲ ಮೂರು ವಾರ: ವಾರಕ್ಕೆ ನಾಲ್ಕು ದಿನ, ಮಾತಾಡಿಕೊಂಡು ಓಡುವ ವೇಗದಲ್ಲಿ 25ರಿಂದ 35 ನಿಮಿಷ. ಈಗಾಗಲೇ ದಿನಾ ಓಡುತ್ತಿರುವವರು ಇದನ್ನು ದಾಟಿ ಮುಂದೆ ಹೋಗಬಹುದು.

ನಾಲ್ಕರಿಂದ ಆರನೇ ವಾರ: ವಾರಕ್ಕೆ ಎರಡೇ ದಿನ ಇಂಟರ್ವಲ್. ಒಂದು ದಿನ 200 ಮೀಟರ್ ಎಂಟು ಸಲ, ತಲಾ 46ರಿಂದ 48 ಸೆಕೆಂಡ್, ನಡುವೆ ಒಂದೂವರೆ ನಿಮಿಷ ನಡಿಗೆ. ಇನ್ನೊಂದು ದಿನ 400 ಮೀಟರ್ ನಾಲ್ಕು ಸಲ, ತಲಾ 95ರಿಂದ 97 ಸೆಕೆಂಡ್, ನಡುವೆ ಎರಡು ನಿಮಿಷ ನಡಿಗೆ.

ಏಳರಿಂದ ಒಂಬತ್ತನೇ ವಾರ: 400 ಮೀಟರ್ ಆರು ಸಲ, ಬಿಡುವು ಒಂದೂವರೆ ನಿಮಿಷಕ್ಕೆ ಇಳಿಸಿ. ಇನ್ನೊಂದು ದಿನ 800 ಮೀಟರ್ ಎರಡು ಸಲ, ತಲಾ 3 ನಿಮಿಷ 10ರಿಂದ 15 ಸೆಕೆಂಡ್, ನಡುವೆ ನಾಲ್ಕು ನಿಮಿಷ ಬಿಡುವು.

ಹತ್ತನೇ ವಾರ: ಅಭ್ಯಾಸ ಅರ್ಧಕ್ಕೆ ಇಳಿಸಿ, ಕೊನೆಗೆ ಪೂರ್ತಿ 1600 ಮೀಟರ್ ಓಡಿ ಸಮಯ ನೋಡಿ.

ಇಂಟರ್ವಲ್ ದಿನಗಳ ನಡುವೆ ಎರಡು ದಿನವಾದರೂ ಅಂತರ ಇರಲಿ. ಉಳಿದ ದಿನಗಳಲ್ಲಿ ಎರಡು ದಿನ ನಿಧಾನ ಓಟ, ಒಂದು ದಿನ ಉದ್ದ ಜಿಗಿತ, ಎತ್ತರ ಜಿಗಿತ, ಗುಂಡು ಎಸೆತದ ಅಭ್ಯಾಸ. ವಾರಕ್ಕೆ ಒಂದು ದಿನ ಪೂರ್ತಿ ವಿಶ್ರಾಂತಿ. ಬ್ಯಾನಿಸ್ಟರ್ ಗುಡ್ಡ ಹತ್ತಲು ಹೋದದ್ದನ್ನು ನೆನಪಿಡಿ. ದೇಹ ಗಟ್ಟಿಯಾಗುವುದು ಓಡಿದ ಮೇಲೆ ಸಿಗುವ ಬಿಡುವಿನಲ್ಲಿ.

ಪ್ರತಿ ಸಲ ಜೋರಾಗಿ ಓಡುವ ಮುಂಚೆ ಹತ್ತು ನಿಮಿಷ ನಿಧಾನ ಓಡಿ ಮೈ ಬೆಚ್ಚಗೆ ಮಾಡಿಕೊಳ್ಳಿ. ಒಂದು ನಿಯಮ ಮಾತ್ರ ತಪ್ಪಬೇಡಿ: ಮೊದಲ ಸುತ್ತಿನ ಸಮಯ, ಕೊನೆಯ ಸುತ್ತಿನ ಸಮಯ ಹೆಚ್ಚುಕಮ್ಮಿ ಒಂದೇ ಇರಬೇಕು. ಮೊದಲನೆಯದು 85, ಕೊನೆಯದು 110 ಬಂದರೆ ನೀವು ಜಂಬಕ್ಕೆ ಓಡಿದಿರಿ ಅಂತ ಅರ್ಥ. ಪರೀಕ್ಷೆಯಲ್ಲೂ ಫೇಲಾಗುವವರಲ್ಲಿ ಬಹಳ ಜನ ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ ಇರುವವರೇ.

ಕೇಳಬೇಕಾದವರನ್ನು ಕೇಳೋಣ

ಅಧಿಸೂಚನೆಯಲ್ಲಿ ಎಷ್ಟು ಮೀಟರ್, ಎಷ್ಟು ಸೆಕೆಂಡ್ ಅಂತ ಇರುತ್ತದೆ. ಹೇಗೆ ತಯಾರಾಗಬೇಕು ಅಂತ ಇರುವುದಿಲ್ಲ. ಪಟ್ಟಣದ ಹುಡುಗನಿಗೆ ಕ್ರೀಡಾಂಗಣ ಇದೆ, ಕೋಚ್ ಇದ್ದಾರೆ. ಹಳ್ಳಿಯ ಹುಡುಗನಿಗೆ ಟಿಪ್ಪರ್ ಓಡಾಡುವ ರಸ್ತೆ ಇದೆ.

ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ನರೇಗಾದಲ್ಲಿ ಎಷ್ಟೋ ಕಡೆ ಶಾಲಾ ಮೈದಾನ ಸಮತಟ್ಟು ಮಾಡಿಸಿದ್ದಾರೆ. ಆ ಮೈದಾನದ ಗೇಟಿಗೆ ಸಂಜೆ ಬೀಗ ಯಾಕೆ? ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ತೆಗೆದಿಡಲಿ. ಪಂಚಾಯಿತಿಯವರು ಎರಡು ಚೀಲ ಸುಣ್ಣದಲ್ಲಿ 200 ಮೀಟರಿನ ಗೆರೆ ಹಾಕಿಸಲಿ. ದೈಹಿಕ ಶಿಕ್ಷಕರು ಇರುವ ಶಾಲೆಗಳಲ್ಲಿ ಅವರು ತಿಂಗಳಿಗೆ ಒಂದು ಭಾನುವಾರ ಸಮಯ ನೋಡಿಕೊಡಲಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕದ ಪಕ್ಕ ಓಟದ ತಯಾರಿಯ ಒಂದು ಹಾಳೆ ಅಂಟಿಸಲಿ. ಇದಕ್ಕೆ ಯಾವ ಬಜೆಟ್ಟೂ ಬೇಕಿಲ್ಲ, ಮುಂದಿನ ಗ್ರಾಮಸಭೆಯಲ್ಲಿ ಒಬ್ಬರು ಎದ್ದು ನಿಂತು ಕೇಳಿದರೆ ಸಾಕು.

ನಮ್ಮ ಕಸುಬಿನವರದ್ದೂ ತಪ್ಪಿದೆ. ರ‍್ಯಾಲಿ ನಡೆದಾಗ ನಾನೂ ಕ್ಯಾಮೆರಾ ಹಿಡಿದು ಹೋಗಿದ್ದೇನೆ. ಸಾವಿರಾರು ಯುವಕರು ಅಂತ ಶೀರ್ಷಿಕೆ, ಓಡುವ ಕಾಲುಗಳ ಫೋಟೊ, ಅಧಿಕಾರಿಗಳ ಹೇಳಿಕೆ. ಮುನ್ನೂರು ಪದ ಬರೆದು ಕಳಿಸಿ, ಅಷ್ಟಕ್ಕೇ ಕೈ ತೊಳೆದುಕೊಂಡಿದ್ದೇನೆ. ಗೇಟಿನ ಹೊರಗೆ ಶೂ ಬಿಚ್ಚಿ ಕೂತಿದ್ದ ಹುಡುಗರನ್ನು ನೀನು ಎಷ್ಟು ಸೆಕೆಂಡಿಗೆ ಸೋತೆ, ಹೇಗೆ ತಯಾರಾಗಿದ್ದೆ ಅಂತ ಒಂದು ಸಲವೂ ಕೇಳಲಿಲ್ಲ. ಮನೆಯ ಹುಡುಗನೇ ಬಂದು ಕೇಳಿದ ಮೇಲೆ ಹುಡುಕಿದೆ.

ಅವನು ಈಗ ಆರು ವಾರದಿಂದ ರಸ್ತೆ ಬಿಟ್ಟು ಶಾಲೆಯ ಮೈದಾನದಲ್ಲಿ ಓಡುತ್ತಿದ್ದಾನೆ. ವಾರಕ್ಕೆ ಎರಡು ದಿನ ಇಂಟರ್ವಲ್, ಎರಡು ದಿನ ನಿಧಾನ. ಕಳೆದ ಭಾನುವಾರ ನಾನೇ ಸ್ಟಾಪ್‌ವಾಚ್ ಹಿಡಿದಿದ್ದೆ. 6 ನಿಮಿಷ 33 ಸೆಕೆಂಡ್. ಇನ್ನೂ ಮೂರು ಸೆಕೆಂಡ್ ಬಾಕಿ. ಒಬ್ಬ ಹುಡುಗನಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಆದರೆ ಒಂದೂವರೆ ವರ್ಷದ ಎಂಟು ಕಿಲೋಮೀಟರ್ ಕೊಡದ ಎಂಟು ಸೆಕೆಂಡನ್ನು ಆರು ವಾರದ ಬಿಡುವಿನ ಓಟ ಕೊಟ್ಟಿದೆ. ಅವನ ವಯಸ್ಸಿನ ಮಿತಿ ಮುಗಿಯಲು ಇನ್ನು ಒಂದೇ ನೇಮಕಾತಿ ಉಳಿದಿದೆ.

ನಿಮ್ಮೂರ ರಸ್ತೆಯಲ್ಲೂ ನಾಳೆ ಬೆಳಿಗ್ಗೆ ಐದಕ್ಕೆ ಯಾರೋ ಓಡುತ್ತಿರುತ್ತಾರೆ. ಅವರ ನಂಬರ್ ನಿಮ್ಮ ಮೊಬೈಲಲ್ಲಿ ಇದ್ದರೆ ಇದನ್ನು ಇವತ್ತು ರಾತ್ರಿಯೇ ಕಳಿಸಿ.